ಓದಲಾಗದ ಕಾಗದಕ್ಕೆ ಒಪ್ಪಿಗೆಯ ಸಹಿ

ನಮ್ಮ ಶಾಲೆಗಳಿಗೆ ಬರುವ ಕಾಗದಗಳಲ್ಲಿ ಎರಡು ಬಗೆ. ನಾವು ಕೇಳಿದ್ದು ಒಂದು, ಅದು ಬರುವುದಿಲ್ಲ. ನಾವು ಕೇಳದೆ ಇದ್ದದ್ದು ಇನ್ನೊಂದು, ಅದು ತಪ್ಪದೆ ಬರುತ್ತದೆ. ಜೂನ್ ತಿಂಗಳಲ್ಲಿ ಕನ್ನಡ ಪಠ್ಯಪುಸ್ತಕ, ಪರೀಕ್ಷೆಗೆ ತಪ್ಪಿಲ್ಲದ ಕನ್ನಡ ಪ್ರಶ್ನೆಪತ್ರಿಕೆ, ಖಾಲಿ ಬಿದ್ದ ಹುದ್ದೆಗೆ ಕನ್ನಡ ಬಲ್ಲ ಅಧ್ಯಾಪಕ, ಇವೆಲ್ಲ ಮೊದಲನೆಯ ಬಗೆಗೆ ಸೇರಿದವು. ಮಕ್ಕಳ ಆಧಾರ್ ಸಂಖ್ಯೆ, ಹೆತ್ತವರ ಫೋನ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ, ರಕ್ತದ ಗುಂಪು ಎಲ್ಲವನ್ನೂ "ನಾಳೆ ಸಂಜೆಯೊಳಗೆ" ಕಂಪ್ಯೂಟರಿಗೆ ತುಂಬಬೇಕೆಂಬ ಆದೇಶ ಎರಡನೆಯ ಬಗೆಗೆ ಸೇರಿದ್ದು.

ಹೀಗೆ ಬಂದ ಕಾಗದಗಳಲ್ಲಿ 'ಅಪಾರ್' ಗುರುತಿನ ಸಂಖ್ಯೆಯ ಒಪ್ಪಿಗೆ ಪತ್ರವೂ ಒಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಬಂದ ಈ ಯೋಜನೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ 12 ಅಂಕಿಗಳ ಒಂದು ಸಂಖ್ಯೆ ಕೊಡುತ್ತಾರೆ. ಅಂಕಪಟ್ಟಿ, ಪ್ರಮಾಣಪತ್ರಗಳೆಲ್ಲ ಅದರ ಕೆಳಗೆ ಕೂಡಿಬರುತ್ತವೆ, ಮಗು ಶಾಲೆ ಬದಲಿಸಿದರೂ ಸಂಖ್ಯೆ ಜೊತೆಗೆ ಹೋಗುತ್ತದೆ. ಇದು ಐಚ್ಛಿಕ, ಹೆತ್ತವರ ಒಪ್ಪಿಗೆ ಇದ್ದರೆ ಮಾತ್ರ ಎಂದು ಕೇಂದ್ರ ಶಿಕ್ಷಣ ಸಚಿವಾಲಯವೇ ಹೇಳಿದೆ. ಆದರೆ ಮೇಲಿನ ಕಚೇರಿಯೊಂದರಿಂದ ನಮಗೆ ಬಂದ ಮಾತು "ನೂರಕ್ಕೆ ನೂರು ಆಗಬೇಕು" ಎಂದು. ಇಷ್ಟವಿದ್ದವರು ಮಾತ್ರ ಕೊಡಬಹುದಾದ ಒಪ್ಪಿಗೆಗೆ ನೂರಕ್ಕೆ ನೂರರ ಗುರಿ ಇಡುವುದು ಹೇಗೆ? ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಈ ಲೆಕ್ಕ ಇನ್ನೂ ಬಿಡಿಸಲಾಗಿಲ್ಲ.

ನಾನು ಮಾಡಿದ ತಪ್ಪನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ನಮ್ಮ ಕೈಗೆ ಬಂದ ಪತ್ರ ಕನ್ನಡದಲ್ಲಿರಲಿಲ್ಲ. ನಾನು ಅದನ್ನು ಮಕ್ಕಳ ಕೈಯಲ್ಲಿ ಕೊಟ್ಟು "ನಾಳೆ ಸಹಿ ಹಾಕಿಸಿ ತನ್ನಿ" ಎಂದೆ. ಮರುದಿನ ಒಬ್ಬ ತಾಯಿ ಶಾಲೆಯ ಬಾಗಿಲಿಗೇ ಬಂದರು. ಬೀಡಿ ಕಟ್ಟಿ ಸಂಸಾರ ಸಾಗಿಸುವವರು, ಮನೆಮಾತು ತುಳು, ಓದು ಬರಹ ಕಲಿತದ್ದು ಇದೇ ಕನ್ನಡ ಶಾಲೆಯಲ್ಲಿ. "ಮಾಷ್ಟ್ರೇ, ಇದರಲ್ಲಿ ಏನುಂಟು?" ಎಂದು ಕೇಳಿದರು. ನನಗೆ ತರಗತಿಗೆ ಹೊತ್ತಾಗಿತ್ತು. "ಮಗುವಿನ ಒಳ್ಳೆಯದಕ್ಕೆ, ಹಾಕಿ" ಎಂದುಬಿಟ್ಟೆ. ಅವರು ಹಾಕಿದರು. ಕಾಗದವನ್ನು ನಂಬಿ ಹಾಕಿದ ಸಹಿ ಅದಲ್ಲ, ನನ್ನನ್ನು ನಂಬಿ ಹಾಕಿದ್ದು. ಅದನ್ನು ಒಪ್ಪಿಗೆ ಎಂದು ಯಾವ ನ್ಯಾಯಾಲಯದ ಮುಂದೆ ಹೇಳೋಣ?

ಇದು ಭಾಷಾ ಅಲ್ಪಸಂಖ್ಯಾತರ ಪತ್ರಿಕೆಗೆ ಹೇಳುವ ವಿಷಯವೇ ಎಂದು ಕೆಲವರು ಕೇಳಬಹುದು. ಹೌದೆಂದೇ ನನ್ನ ಉತ್ತರ. ನಾವು 1956ರಿಂದ ಇಂದಿನವರೆಗೆ ನಮೂನೆಗಳು ಕನ್ನಡದಲ್ಲಿ ಬೇಕು, ಬೋರ್ಡು ಕನ್ನಡದಲ್ಲಿ ಬೇಕು, ಅರ್ಜಿಗೆ ಉತ್ತರ ಕನ್ನಡದಲ್ಲಿ ಬೇಕು ಎಂದು ಬೇಡುತ್ತ ಬಂದವರು. ಸಂವಿಧಾನದ 350ನೆಯ ವಿಧಿ ಅಹವಾಲನ್ನು ನಮ್ಮ ಭಾಷೆಯಲ್ಲಿ ಸಲ್ಲಿಸಲು ಬಿಟ್ಟಿದೆ, 350ಎ ವಿಧಿ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವ ಸೌಕರ್ಯ ಮಾಡಬೇಕೆಂದು ಹೇಳಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸಬಹುದೆಂದು ಬರೆದರು. ಕಾಗದದ ಕಾಲದಲ್ಲಿ ಹೋರಾಡಿ ಪಡೆದ ಈ ಅಲ್ಪಸ್ವಲ್ಪ ಹಕ್ಕುಗಳು ಕಂಪ್ಯೂಟರಿನ ಪರದೆಯ ಮೇಲೆ ಸದ್ದಿಲ್ಲದೆ ಜಾರಿಹೋಗುತ್ತಿವೆ. ಕಾಗದದ ನಮೂನೆ ಇಂಗ್ಲಿಷಿನಲ್ಲಿದ್ದರೆ ಅದನ್ನು ಎತ್ತಿ ಹಿಡಿದು ಕಚೇರಿಯ ಮುಂದೆ ಧರಣಿ ಕೂರಬಹುದಿತ್ತು. ಪರದೆಯ ಮುಂದೆ ಧರಣಿ ಕೂರುವುದು ಹೇಗೆ?

ಹೆಸರಿನ ಕಥೆಯನ್ನೇ ನೋಡಿ. ನಮ್ಮ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಕನ್ನಡದಲ್ಲಿ 'ಸುಮತಿ', ಅದಕ್ಕೆ ಎರಡು ರೂಪಗಳಿಲ್ಲ. ಆಧಾರ್ ಕೇಂದ್ರದಲ್ಲಿ ಕುಳಿತವನು ಅದನ್ನು ಇಂಗ್ಲಿಷಿಗೆ ತರುವಾಗ 'ತ'ಕಾರಕ್ಕೆ ಟಿ ಎಚ್ ಹಾಕಿದ. ಶಾಲೆಯ ದಾಖಲೆಯಲ್ಲಿ ಹಿಂದಿನ ಗುಮಾಸ್ತರು ಬರೇ ಟಿ ಹಾಕಿದ್ದರು. ಒಂದು ಕಡೆ ಮನೆತನದ ಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ. ಒಂದು ಕಡೆ ತಂದೆಯ ಹೆಸರಿನ ಮೊದಲಕ್ಷರ, ಇನ್ನೊಂದು ಕಡೆ ಪೂರ್ತಿ ಹೆಸರು. ಯಂತ್ರಕ್ಕೆ ಇವರಿಬ್ಬರೂ ಬೇರೆ ಬೇರೆ ಮಕ್ಕಳು. ಹೆಸರು ಹೊಂದದಿದ್ದರೆ ಅಪಾರ್ ಸಂಖ್ಯೆ ಹುಟ್ಟುವುದಿಲ್ಲ. ತಿದ್ದಿಸಲು ಕೂಲಿ ಬಿಟ್ಟು ಓಡಾಡಬೇಕಾದವರು ಹೆತ್ತವರು. ತಪ್ಪು ಮಗುವಿನದೂ ಅಲ್ಲ, ಕನ್ನಡದ್ದೂ ಅಲ್ಲ. ನಮ್ಮ ಲಿಪಿಯನ್ನು ಲೆಕ್ಕಕ್ಕೇ ಹಿಡಿಯದ ವ್ಯವಸ್ಥೆಯದು.

ಇದಕ್ಕಿಂತ ದೊಡ್ಡ ಅಪಾಯ ಹುದ್ದೆಗಳಿಗೆ ಸಂಬಂಧಿಸಿದ್ದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮಿತ್ರರಿಗೆ 'ಸಂಚ ಮಾನ್ಯತೆ' ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಎಷ್ಟು ಮಕ್ಕಳೋ ಅದಕ್ಕೆ ತಕ್ಕಷ್ಟು ಅಧ್ಯಾಪಕರು. ಮಹಾರಾಷ್ಟ್ರದಲ್ಲಿ ಈ ಲೆಕ್ಕಕ್ಕೆ ಆಧಾರ್ ತಾಳೆಯಾದ ಮಕ್ಕಳನ್ನು ಮಾತ್ರ ಹಿಡಿಯುವ ಕ್ರಮ ಬಂತು. ಕೇರಳದಲ್ಲಿ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆ ಹಿಡಿದು ಹುದ್ದೆ ನಿರ್ಣಯಿಸುವುದು ಹಳೆಯ ಪದ್ಧತಿ. ಅಲ್ಲಿಗೂ ಆಧಾರ್ ಬಂದು ಸೇರಿಕೊಂಡಿತು. ಸುಳ್ಳು ಹಾಜರಿ ತೋರಿಸಿ ಅನುದಾನ ಹೊಡೆಯುವವರನ್ನು ತಡೆಯಲಿಕ್ಕೆ ಇದು ಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಅಂಥವರು ಇದ್ದಾರೆ. ಆದರೆ ಮುನ್ನೂರು ಮಕ್ಕಳಿರುವ ಬಹುಸಂಖ್ಯಾತ ಮಾಧ್ಯಮದ ಶಾಲೆಯಲ್ಲಿ ಮೂರು ಹೆಸರು ತಾಳೆಯಾಗದಿದ್ದರೆ ಏನೂ ಆಗುವುದಿಲ್ಲ. ಮಿತಿಯ ಅಂಚಿನಲ್ಲಿ ಉಸಿರು ಹಿಡಿದುಕೊಂಡಿರುವ ಕನ್ನಡ ವಿಭಾಗದಲ್ಲಿ ಮೂರು ಹೆಸರು ಬಿದ್ದರೆ ಒಂದು ಹುದ್ದೆಯೇ ಬಿದ್ದುಹೋಗಬಹುದು. ಮಗು ಬೆಂಚಿನ ಮೇಲೆ ಕುಳಿತಿದೆ, ಹೆಸರು ಕರೆದರೆ 'ಹಾಜರ್' ಎನ್ನುತ್ತದೆ, ಮಧ್ಯಾಹ್ನ ಊಟ ಮಾಡುತ್ತದೆ. ಆದರೂ ಸರಕಾರದ ಕಣ್ಣಿಗೆ ಆ ಮಗು ಇಲ್ಲ.

ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು ಕೊಟ್ಟ ತೀರ್ಪಿನಲ್ಲಿ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ, 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕೇ ಹೊರತು ಸರಕಾರ ಕೊಡುವ ಸಹಾಯಧನವಲ್ಲ, ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ತಪ್ಪಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ತೀರ್ಪಿನ ಅಕ್ಷರವನ್ನು ಯಾರೂ ಮೀರಿಲ್ಲ. ಮಗುವನ್ನು ಯಾರೂ ಹೊರಗೆ ಹಾಕಲಿಲ್ಲ, ಮಗುವಿಗೆ ಪಾಠ ಹೇಳುವವರನ್ನು ಹೊರಗೆ ಹಾಕುವ ದಾರಿ ತೆರೆದರು, ಅಷ್ಟೆ. ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಂತಾಯಿತು.

ಈ ಹಕ್ಕುಗಳ ಬುಡದಲ್ಲಿರುವ ಮೊಕದ್ದಮೆಯನ್ನು ಹೂಡಿದವರು ಒಬ್ಬ ಕನ್ನಡಿಗರು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. 2024ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರನ್ನು ನಮ್ಮ ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ?

ಮಾಹಿತಿ ಕೊಟ್ಟರೆ ಏನು ಹೋಯಿತು, ಸರಕಾರದ ಹತ್ತಿರ ಭದ್ರವಾಗಿರುತ್ತದಲ್ಲ ಎನ್ನುವವರಿಗೆ ಮೂರು ಸಂಗತಿ ಹೇಳುತ್ತೇನೆ. ಒಂದು, ನಾವೆಲ್ಲ ತರಬೇತಿಗೆಂದು ಬಳಸಿದ ಕೇಂದ್ರ ಸರಕಾರದ 'ದೀಕ್ಷಾ' ವೇದಿಕೆಯ ಒಂದು ಸರ್ವರ್ ಕಾವಲಿಲ್ಲದೆ ತೆರೆದು ಬಿದ್ದಿದ್ದು, ಹತ್ತು ಲಕ್ಷಕ್ಕೂ ಮಿಕ್ಕಿ ಅಧ್ಯಾಪಕರ ಹೆಸರು, ಫೋನ್, ಇಮೇಲ್ ವಿವರಗಳೂ ಲಕ್ಷಗಟ್ಟಲೆ ವಿದ್ಯಾರ್ಥಿಗಳ ವಿವರಗಳೂ ಹೊರಗೆ ಕಾಣುತ್ತಿದ್ದುವೆಂದು 2023ರ ಜನವರಿಯಲ್ಲಿ ವರದಿಯಾಯಿತು. ಎರಡು, ಶಾಲೆಗಳ ದಾಖಲೆ ಇಟ್ಟುಕೊಳ್ಳುವ ಅಮೆರಿಕದ 'ಪವರ್‌ಸ್ಕೂಲ್' ಕಂಪೆನಿಯಿಂದ 2024ರ ಡಿಸೆಂಬರಿನಲ್ಲಿ ಕೋಟಿಗಟ್ಟಲೆ ಮಕ್ಕಳ ವಿವರ ಕಳವಾಯಿತು. ಕದ್ದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡವನು 19 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿ. ಕಂಪೆನಿ ಹಣ ತೆತ್ತ ಮೇಲೂ 2025ರಲ್ಲಿ ಅದೇ ಮಾಹಿತಿ ಹಿಡಿದು ಶಾಲೆಗಳನ್ನು ಮತ್ತೆ ಬೆದರಿಸಿದರು. ಮೂರು, 500 ರೂಪಾಯಿಗೆ ಆಧಾರ್ ವಿವರ ಸಿಗುತ್ತದೆಂದು 2018ರ ಜನವರಿಯಲ್ಲಿ 'ದಿ ಟ್ರಿಬ್ಯೂನ್' ಪತ್ರಿಕೆ ತೋರಿಸಿಕೊಟ್ಟಾಗ ಆಧಾರ್ ಪ್ರಾಧಿಕಾರ ಕೊಟ್ಟ ಪೊಲೀಸ್ ದೂರಿನಲ್ಲಿ ವರದಿ ಬರೆದ ಪತ್ರಕರ್ತೆಯ ಹೆಸರೂ ಇತ್ತು. ಬೇಲಿ ಮುರಿದಿದೆ ಎಂದವನನ್ನೇ ಕಳ್ಳನ ಸಾಲಿನಲ್ಲಿ ನಿಲ್ಲಿಸಿದ ಹಾಗೆ.

ಅದೇ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ ಒಂದು ಒಳ್ಳೆಯ ಮಾತು ಹೇಳಿತ್ತು: ಆಧಾರ್ ಪ್ರತಿಯನ್ನು ಕಂಡಕಂಡಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಪ್ರತಿ ಕೊಡಿ ಎಂದು. ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆಂದು ಎರಡೇ ದಿನದಲ್ಲಿ ಕೇಂದ್ರ ಸರಕಾರ ಆ ಪ್ರಕಟಣೆಯನ್ನು ಹಿಂದಕ್ಕೆ ತೆಗೆಸಿತು. ನಿಜ ಹೇಳಿದರೆ ನಾವೂ ಆ ಮಾತು ಕೇಳಿದವರಲ್ಲ. ಮಕ್ಕಳ ಆಧಾರ್ ಪ್ರತಿಗಳ ಚಿತ್ರವನ್ನು ತರಗತಿಯ ವಾಟ್ಸಾಪ್ ಗುಂಪಿಗೇ ಹಾಕಿಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಬೀಗ ಕೆಟ್ಟರೆ ಬೀಗ ಬದಲಿಸಬಹುದು. ಮಗುವಿನ ಬೆರಳಚ್ಚನ್ನೂ ಹುಟ್ಟಿದ ದಿನವನ್ನೂ ಬದಲಿಸಲಾಗದು.

ಇನ್ನು ಕಾನೂನಿನ ವಿಷಯ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ನಮಗೆ ಬೇಕಾದ ಒಂದು ಚಿನ್ನದಂಥ ಮಾತಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶವನ್ನು ಜನರಿಗೆ ಕೊಡಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಆ ಮಾತಿಗೆ ರಾಜ್ಯದ ಗಡಿಯಿಲ್ಲ. ಮಂಜೇಶ್ವರದ ತಾಯಿಗೂ ತಾಳವಾಡಿಯ ತಂದೆಗೂ ಮಡಕಶಿರದ ಅಜ್ಜಿಗೂ ಅದು ಸಲ್ಲುತ್ತದೆ. 18 ತುಂಬದ ಮಕ್ಕಳ ವಿವರಕ್ಕೆ ಹೆತ್ತವರ ಖಚಿತ ಒಪ್ಪಿಗೆ ಬೇಕೆಂದೂ ಕಾಯ್ದೆ ಹೇಳುತ್ತದೆ.

ಆದರೆ ಜಾರಿಗೆ ತಂದ ಬಗೆ ನೋಡಿ. 2025ರ ನವೆಂಬರಿನಲ್ಲಿ ನಿಯಮಗಳನ್ನು ಹೊರಡಿಸಿದಾಗ ಜನರಿಗೆ ಹಕ್ಕು ಕೊಡುವ ಈ ಕಲಮುಗಳಿಗೆ 18 ತಿಂಗಳ ಅವಧಿ ಇಟ್ಟರು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಮೊಟಕುಗೊಳಿಸುವ ತಿದ್ದುಪಡಿಯನ್ನು ಮಾತ್ರ ಕೂಡಲೇ ಜಾರಿಗೆ ತಂದರು. ಸರಕಾರಿ ಸಂಸ್ಥೆಗಳಿಗೆ ಹಲವು ವಿನಾಯಿತಿಗಳು ಬೇರೆ. ಮಾಹಿತಿ ಹಕ್ಕಿನ ತಿದ್ದುಪಡಿ ನಮಗೆ ನೇರವಾಗಿ ತಟ್ಟುತ್ತದೆ. ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ನೇಮಿಸಿದಾಗ ನಾವು ಇಷ್ಟು ವರ್ಷ ಮಾಡಿದ್ದೇನು? ಅವರು ಯಾವ ಮಾಧ್ಯಮದಲ್ಲಿ ಕಲಿತರು, ಯಾವ ಅರ್ಹತೆಯ ಮೇಲೆ ಬಂದರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಇನ್ನು "ಅದು ವೈಯಕ್ತಿಕ ಮಾಹಿತಿ" ಎಂದು ಒಂದೇ ಸಾಲಿನಲ್ಲಿ ಬಾಗಿಲು ಮುಚ್ಚುವುದು ಸುಲಭವಾಗಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆಂಬ 8(2) ಕಲಮು ಉಳಿದಿದೆ, ಅದನ್ನು ಹಿಡಿದು ಜಗ್ಗಬೇಕಾದವರು ನಾವು. ಒಟ್ಟಿನಲ್ಲಿ, ನಮ್ಮ ಮಕ್ಕಳ ರಕ್ತದ ಗುಂಪಿನವರೆಗೆ ಸರಕಾರಕ್ಕೆ ಗೊತ್ತಿರಬೇಕು, ಆ ಮಕ್ಕಳಿಗೆ ಪಾಠ ಹೇಳುವವರಿಗೆ ಕನ್ನಡ ಬರುತ್ತದೆಯೇ ಎಂಬುದು ನಮಗೆ ಗೊತ್ತಾಗಬಾರದು. ಅವರಿಗೆ ನಾವು ಗಾಜಿನ ಮನೆ, ನಮಗೆ ಅವರು ಕಲ್ಲಿನ ಕೋಟೆ.

ನಾನು ಕಂಪ್ಯೂಟರಿನ ವಿರೋಧಿಯಲ್ಲ. ಒಂದು ಗುಂಡಿ ಒತ್ತಿದರೆ ವರ್ಗಾವಣೆ ಪತ್ರ ಬರುವುದು ನನಗೂ ಇಷ್ಟ. ಆದರೆ ಕೈಕಟ್ಟಿ ಕುಳಿತರೆ ಏನೂ ಆಗುವುದಿಲ್ಲ, ದನಿ ಎತ್ತಿದರೆ ಆಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆಯೇ ಇದೆ. ಮಾರಾಟವಾಗುವ ಹೊಸ ಫೋನುಗಳಲ್ಲೆಲ್ಲ 'ಸಂಚಾರ್ ಸಾಥಿ' ಎಂಬ ಸರಕಾರಿ ಆ್ಯಪ್ ಮೊದಲೇ ಇರಬೇಕೆಂದು 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಆದೇಶ ಮಾಡಿತು. ದೇಶದ ತುಂಬ ಆಕ್ಷೇಪ ಎದ್ದಿತು. ಡಿಸೆಂಬರ್ 3ರಂದು ಕಡ್ಡಾಯವನ್ನು ಕೈಬಿಟ್ಟರು. ಆರು ದಿನ ಸಾಕಾಯಿತು. ಅಷ್ಟು ದೊಡ್ಡ ದನಿ ನಮಗಿಲ್ಲ, ನಿಜ. ಆದರೆ ಕಾಸರಗೋಡು, ಹೊಸೂರು, ಸೊಲ್ಲಾಪುರ, ಆದವಾನಿ, ರಾಯದುರ್ಗ, ಗೋವೆಯ ಕನ್ನಡ ಶಾಲೆಗಳು ಒಂದೇ ಮಾತನ್ನು ಒಂದೇ ವಾರದಲ್ಲಿ ಬರೆದು ಕಳುಹಿಸಿದರೆ ಅದು ಸಣ್ಣ ದನಿಯಲ್ಲ.

ಬರೆಯಬೇಕಾದ ಮಾತುಗಳು ಇವು:

1. ಮಕ್ಕಳ ವಿವರ ಕೇಳುವ ಪ್ರತಿಯೊಂದು ನಮೂನೆಯೂ ಒಪ್ಪಿಗೆ ಪತ್ರವೂ ಕನ್ನಡದಲ್ಲಿ ಬರಬೇಕು. 18 ತಿಂಗಳು ಕಾಯಬೇಕಾಗಿಲ್ಲ. ಕೊಡಬಾರದೆಂದು ಯಾವ ಕಾನೂನೂ ಹೇಳಿಲ್ಲ.

2. ಐಚ್ಛಿಕ ಎಂದ ಮೇಲೆ ಗುರಿ ಇರಕೂಡದು. "ಒಪ್ಪಿಗೆ ಇಲ್ಲ" ಎಂಬ ಜಾಗವೂ ಪತ್ರದಲ್ಲಿ ಇರಬೇಕು.

3. ಹುದ್ದೆ ನಿರ್ಣಯಕ್ಕೆ ತರಗತಿಯಲ್ಲಿ ಕುಳಿತ ಮಗುವೇ ಆಧಾರವಾಗಲಿ. ಸಂಶಯವಿದ್ದರೆ ಅಧಿಕಾರಿಗಳು ಬಂದು ತಲೆ ಎಣಿಸಲಿ, ಚಹಾ ಕೊಡುತ್ತೇವೆ.

4. ಕನ್ನಡ ಶಾಲೆಗಳ ನೇಮಕಾತಿಯಲ್ಲಿ ಅಭ್ಯರ್ಥಿಯ ಭಾಷಾ ಅರ್ಹತೆಯನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು.

ಸರಕಾರಕ್ಕೆ ಹೇಳುವುದು ಇಷ್ಟು. ನಮಗೆ ನಾವೇ ಹೇಳಿಕೊಳ್ಳುವುದೂ ಇದೆ. ಮಕ್ಕಳ ದಾಖಲೆಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿಸುವುದನ್ನು ಇಂದೇ ನಿಲ್ಲಿಸೋಣ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರತಿ ಉಳಿಯದಂತೆ ಅಳಿಸಲು ಹೆತ್ತವರಿಗೆ ಹೇಳೋಣ. "ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ" ಎಂದು ಫೋನ್ ಬಂದರೆ, ಕರೆ ಮಾಡಿದವನಿಗೆ ಮಗುವಿನ ಹೆಸರೂ ತರಗತಿಯೂ ಗೊತ್ತಿದ್ದರೂ ಹೇಳಕೂಡದೆಂದು ಪೋಷಕರ ಸಭೆಯಲ್ಲಿ ಕನ್ನಡದಲ್ಲಿ, ತುಳುವಿನಲ್ಲಿ, ಅವರವರ ಮನೆಮಾತಿನಲ್ಲಿ ತಿಳಿಸೋಣ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂದು ಗೋಡೆಯ ಮೇಲೆ ಬರೆಸೋಣ.

ಆ ತಾಯಿಯನ್ನು ಮೊನ್ನೆ ಕರೆಸಿದೆ. ಪತ್ರವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ, ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕೂ ಇದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಮಾಷ್ಟ್ರೇ, ಈಗ ಗೊತ್ತಾಯಿತಲ್ಲ" ಎಂದರು. ಅವರ ಸಹಿ ಬದಲಾಗಲಿಲ್ಲ. ಆದರೆ ಅದು ಒಪ್ಪಿಗೆಯಾದದ್ದು ಅಂದು.