ನೋಡಲೆಂದೇ ಹೋದವರು

ದೊಡ್ಡ ಊರಿಗೆ ಹೊರಟವರನ್ನು ನಮ್ಮ ಕಡೆ ಒಂದು ಪ್ರಶ್ನೆ ಎದುರುಗೊಳ್ಳುತ್ತದೆ: ‘ಏನ್ ಕೆಲಸ ಐತಿ?’ ದವಾಖಾನೆ, ಕಚೇರಿ, ಕೂಲಿ, ದೇವರು, ಈ ನಾಲ್ಕರಲ್ಲಿ ಒಂದನ್ನು ಹೇಳಿದರೆ ಕೇಳಿದವರಿಗೆ ಸಮಾಧಾನ. ‘ಸುಮ್ಮನೆ ನೋಡಲಿಕ್ಕೆ’ ಎಂದು ಗಂಡಸು ಹೇಳಿದರೆ ಶೋಕಿಯ ಮನುಷ್ಯನೆಂದು ನಕ್ಕು ಬಿಡುತ್ತಾರೆ. ಹೆಂಗಸು ಹಾಗೆ ಹೇಳಿದ್ದನ್ನು ಮೊನ್ನೆ ಮೊನ್ನೆಯವರೆಗೆ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ನಾನಂತೂ ಕೇಳಿರಲಿಲ್ಲ. ಈಗ ಕೇಳಿಬರುತ್ತಿದೆ. ಈ ಸಣ್ಣ ಬದಲಾವಣೆಯ ಬಗೆಗೆ ನಾಲ್ಕು ಮಾತು ಬರೆಯಬೇಕೆನಿಸಿದೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನು ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ರಾಜ್ಯದೊಳಗೆ ಸರಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ಟಿಕೀಟು. ರಾಜಹಂಸ, ಐರಾವತ, ಮಲಗುವ ಬಸ್ಸುಗಳಿಗೆ ಅದು ಅನ್ವಯಿಸದು. ಎರಡು ವರ್ಷ ತುಂಬಿದ ಮೇಲೆ, 2025ರ ಜುಲೈಯಲ್ಲಿ, ಇಂಥ ಪ್ರಯಾಣಗಳ ಎಣಿಕೆ 500 ಕೋಟಿಯನ್ನು ಮುಟ್ಟಿತು. ಇದನ್ನು ಹೊಗಳುವವರೂ ತೆಗಳುವವರೂ ಬೇಕಾದಷ್ಟಿದ್ದಾರೆ. ನಿಗಮಗಳಿಗೆ ಸರಕಾರ ತುಂಬಿಕೊಡಬೇಕಾದ ಹಣ ಸಕಾಲಕ್ಕೆ ಬರುವುದಿಲ್ಲವೆಂಬ ದೂರು, ಬಸ್ಸು ಹೆಚ್ಚದೆ ಜನ ಮಾತ್ರ ಹೆಚ್ಚಿದರೆ ಕಾಲೇಜಿನ ಹುಡುಗರು ಬಾಗಿಲಿಗೆ ಜೋತುಬೀಳಬೇಕಾಗುತ್ತದೆಂಬ ದೂರು, ಇವೆರಡನ್ನೂ ನಾನು ಒಪ್ಪುತ್ತೇನೆ. 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ ಹದಿನೈದರಂತೆ ಏರಿದಾಗ ಟಿಕೀಟು ಕೊಳ್ಳುವ ಗಂಡಸರು ಗೊಣಗಿದ್ದೂ ಸಹಜವೇ. ನಾನು ಒಪ್ಪಲಾರದ ಆಕ್ಷೇಪ ಬೇರೆ: ಹೆಂಗಸರು ‘ಬೇಕಿಲ್ಲದ ತಿರುಗಾಟ’ಕ್ಕೆ ಹೊರಟಿದ್ದಾರೆ ಎಂಬುದು. ಯೋಜನೆಯ ಪರವಾಗಿ ಮಾತಾಡುವವರೂ ಈ ಮಾತಿಗೆ ಅಂಜಿ, ‘ಇಲ್ಲ, ಅವರು ಕೆಲಸಕ್ಕೇ ಹೋಗುತ್ತಾರೆ’ ಎಂದು ಸಮಜಾಯಿಷಿ ಕೊಡುತ್ತಾರೆ. ಬೇಕಿಲ್ಲದ ತಿರುಗಾಟವೇ ಇದ್ದರೇನಾಯಿತು? ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವುದನ್ನು ಶಿಕ್ಷಣವೆಂದು ಕರೆಯುತ್ತೇವೆ. ಐವತ್ತು ತುಂಬಿದ ಹೆಂಗಸು ಅದನ್ನೇ ಮಾಡಿದರೆ ಬೇರೆ ಹೆಸರೇಕೆ?

ನಾವು ಐವರು ಗೆಳತಿಯರು ದಸರೆಯ ಸೂಟಿಯಲ್ಲಿ ಬೆಂಗಳೂರಿಗೆ ಹೋಗಿಬಂದೆವು. ಒಬ್ಬಳು ಅಂಗನವಾಡಿಯವಳು, ಒಬ್ಬಳು ಹೊಲಿಗೆಯವಳು, ಇಬ್ಬರು ಮನೆವಾಳ್ತೆಯವರು, ನಾನು ಮಾಸ್ತರಿಕೆಯವಳು. ನನ್ನನ್ನು ಬಿಟ್ಟರೆ ಉಳಿದವರಾರೂ ಆ ಊರನ್ನು ಕಂಡವರಲ್ಲ. ತಲೆಗೆ 1,500 ರೂಪಾಯಿ ಮೀರಬಾರದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಖಡಕ್ ರೊಟ್ಟಿ, ಶೇಂಗಾದ ಹಿಂಡಿ, ಉಪ್ಪಿನಕಾಯಿ ಮೂರು ದಿನಕ್ಕೆ ಸಾಕಾಗುವಷ್ಟು ಕಟ್ಟಿಕೊಂಡೆವು. ಮುದ್ದೇಬಿಹಾಳಕ್ಕೆ ಇನ್ನೂ ರೈಲಿಲ್ಲ. ಆಲಮಟ್ಟಿಯಿಂದ ಯಾದಗಿರಿಗೆ ನಮ್ಮೂರ ಮೇಲಿಂದ ಹಾಯಬೇಕಾದ ಮಾರ್ಗದ ಬೇಡಿಕೆ ಅಜ್ಜಂದಿರಿಂದ ಮೊಮ್ಮಕ್ಕಳಿಗೆ ಆಸ್ತಿಯಂತೆ ಇಳಿದುಬಂದಿದೆ. ಆದುದರಿಂದ ಬಸ್ಸೇ ಗತಿ. ನೀಲಮ್ಮನ ತಂಗಡಗಿಯ ಬಳಿ ಕೃಷ್ಣೆಯನ್ನು ದಾಟಿ, ಹುನಗುಂದ, ಇಳಕಲ್ಲು, ಕುಷ್ಟಗಿಗಳನ್ನು ಹಿಂದೆ ಹಾಕಿ, ಹೊಸಪೇಟೆ ಚಿತ್ರದುರ್ಗಗಳ ಮೇಲಿಂದ ರಾತ್ರಿಯಿಡೀ ಕುಳಿತೇ ಪ್ರಯಾಣ.

ಈ ರಾತ್ರಿಯ ಪ್ರಯಾಣದ ಒಂದು ಸಂಗತಿಯನ್ನು ಲೆಕ್ಕಪತ್ರ ಬರೆಯುವವರು ಗಮನಿಸಿದಂತಿಲ್ಲ. ಬಸ್ಸಿನಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಬಸ್ಸು ನಡುರಾತ್ರಿ ಯಾವುದೋ ಖಾನಾವಳಿಯ ಮುಂದೆ ನಿಂತಾಗ ಗಂಡಸರು ಕತ್ತಲೆಯ ಕಡೆ ನಡೆದರು. ಹೆಂಗಸರು, ಅಲ್ಲಿದ್ದ ಒಂದೇ ಒಂದು ಶೌಚಾಲಯದ ಬಾಗಿಲು ತೆರೆದು ನೋಡಿ ಮರಳಿ ಬಂದು ಕುಳಿತರು. ಟಿಕೀಟಿನ ಮೇಲೆ ಶೂನ್ಯವೆಂದಿತ್ತು. ದರವನ್ನು ಬಾಯಾರಿಕೆಯಲ್ಲಿ ತೆತ್ತದ್ದಾಯಿತು.

ಮುಂಜಾನೆ ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಹೊಲಿಗೆಯ ಗೆಳತಿ ನನ್ನ ಸೆರಗು ಹಿಡಿದು, ‘ಅಕ್ಕಾರ, ಇಷ್ಟೂ ಮಂದಿ ಎಲ್ಲಿಗೆ ಹೊಂಟಾರ?’ ಎಂದಳು. ಉತ್ತರ ನನಗೂ ತಿಳಿಯದು. ಊರೊಳಗಿನ ಸಾಮಾನ್ಯ ಬಸ್ಸುಗಳಲ್ಲಿಯೂ ಶೂನ್ಯ ಟಿಕೀಟು ನಡೆಯುವುದರಿಂದ ಬೆಂಗಳೂರು ನಮಗೆ ಮೂರು ದಿನ ತೆರೆದ ಮನೆಯಂತಾಯಿತು. ಮೆಟ್ರೋ ರೈಲಿಗೆ ಮಾತ್ರ ಹಣ ಕೊಡಬೇಕು. 2011ರಲ್ಲಿ ಮೊದಲು ಓಡಿದ ಈ ರೈಲಿನ ಅತಿ ಹೆಚ್ಚಿನ ದರವನ್ನು 2025ರ ಫೆಬ್ರುವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿಸಲಾಯಿತು. ಒಮ್ಮೆ ಹತ್ತಿ ನಾಲ್ಕು ನಿಲ್ದಾಣ ಹೋಗಿ ಇಳಿದೆವು. ಹತ್ತಿದ್ದು ನೋಡಲಿಕ್ಕೆ, ಇಳಿದದ್ದು ಉಳಿತಾಯಕ್ಕೆ. 2017ರಲ್ಲಿ ತೆರೆದ ಇಂದಿರಾ ಕ್ಯಾಂಟೀನುಗಳನ್ನು ಬಡವರ ಅನ್ನವೆಂದು ಮೂಗು ಮುರಿಯುವವರು, ಪರಊರಿನಲ್ಲಿ ಹಸಿದಾಗ ಹತ್ತು ರೂಪಾಯಿಯ ಬಿಸಿ ಊಟ ಏನೆಂಬುದನ್ನು ಒಮ್ಮೆ ಅನುಭವಿಸಿ ನೋಡಬೇಕು.

ಲಾಲಬಾಗಿನ ಬಂಡೆಯ ಮೇಲೆ ಒಂದು ಹೊತ್ತು ಕಳೆದೆವು. ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಕಲ್ಲೆಂದು ನಾನು ಹೇಳಿದೆ. ಕಾಲು ನೀಡಿ ಕೂಡಲು ಹಸನಾಗಿದೆಯೆಂದು ಅವರು ಹೇಳಿದರು. ಕಬ್ಬನ್ ಉದ್ಯಾನದ ನೆರಳು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಯಂತ್ರಗಳು, ಎಲ್ಲವನ್ನೂ ಕಂಡದ್ದಾಯಿತು. ಆದರೆ ಐವರೂ ಬಹಳ ಹೊತ್ತು ನಿಂತದ್ದು ವಿಧಾನಸೌಧದ ಎದುರಿನ ಬೀದಿಯಲ್ಲಿ.

ನಮ್ಮ ಜಿಲ್ಲೆಗೂ ಈ ರಾಜಧಾನಿಗೂ ಇರುವ ನಂಟು ಹಳೆಯದಲ್ಲ. 1956ರ ನವೆಂಬರ್ 1ರವರೆಗೆ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಅಜ್ಜಿಯರ ಬಾಯಲ್ಲಿ ‘ದೊಡ್ಡ ಊರು’ ಎಂದರೆ ಮುಂಬಯಿ, ಸಣ್ಣದರಲ್ಲಿ ದೊಡ್ಡದು ಸೊಲ್ಲಾಪುರ. ಬೆಂಗಳೂರು ಯಾರದೋ ಮಹಾರಾಜರ ಸೀಮೆ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕಟ್ಟಲಾರಂಭಿಸಿದ ವಿಧಾನಸೌಧ ಪೂರ್ಣಗೊಂಡದ್ದೂ ನಾವು ಆ ರಾಜ್ಯವನ್ನು ಸೇರಿದ್ದೂ ಅದೇ 1956ರಲ್ಲಿಯೇ. ಸೊಸೆ ಹೊಸಿಲು ತುಳಿಯುವಷ್ಟರಲ್ಲಿ ಮನೆ ಕಟ್ಟಿ ಮುಗಿದಿತ್ತು. ಯಾವ ಕೋಣೆ ಎಲ್ಲಿರಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಅಂದಿನಿಂದ ನಮ್ಮವರು ಅಲ್ಲಿಗೆ ಅರ್ಜಿ ಹಿಡಿದು ಹೋಗಿದ್ದಾರೆ, ಮಳೆ ಕೈಕೊಟ್ಟ ವರ್ಷ ಕಟ್ಟಡಗಳ ಕೆಲಸಕ್ಕೆ ಗುಳೆ ಹೋಗಿದ್ದಾರೆ. ಇಟ್ಟಿಗೆ ಹೊತ್ತ ಹೆಂಗಸರು ತಾವಿದ್ದ ಗುಡಿಸಲಿನಿಂದ ಕಟ್ಟಡದವರೆಗಿನ ಬೆಂಗಳೂರನ್ನಷ್ಟೇ ಕಂಡು ಮರಳಿದ್ದಾರೆ. ನಮ್ಮ ಅಂಗನವಾಡಿಯವಳ ಅವ್ವ ಅಂಥವರಲ್ಲಿ ಒಬ್ಬಳು.

ಅವಳು ವಿಧಾನಸೌಧವನ್ನು ಮೇಲೆ ಕೆಳಗೆ ನೋಡಿ, ‘ಇಷ್ಟ ದೊಡ್ಡ ಮನಿ ಕಟ್ಟ್ಯಾರ, ಹೊರಗ ಕೂಡಾಕ ಒಂದ್ ಕಟ್ಟಿ ಇಲ್ಲ ನೋಡ್ರಿ ಅಕ್ಕಾರ’ ಎಂದಳು. 2025ರ ಜೂನಿನಿಂದ ಟಿಕೀಟು ಕೊಂಡವರಿಗೆ ಒಳಗೆ ಸುತ್ತಿ ತೋರಿಸುವ ಏರ್ಪಾಟನ್ನು ಪ್ರವಾಸೋದ್ಯಮ ಇಲಾಖೆ ಮಾಡಿದೆ. ರಜೆಯ ದಿನಗಳಲ್ಲಿ ಮಾತ್ರ. ನಮ್ಮ ದಿನ ಅದಕ್ಕೆ ಕೂಡಿಬರಲಿಲ್ಲ. ಒಳ್ಳೆಯ ಏರ್ಪಾಟೇ, ಆದರೆ ಸ್ಥಳ ಕಾದಿರಿಸುವ ಕ್ರಮ ಅಂತರ್ಜಾಲದ ಕೈಯಲ್ಲಿರುವಾಗ, ಮುದ್ದೇಬಿಹಾಳದಿಂದ ರಾತ್ರಿ ಬಸ್ಸಿಗೆ ಬಂದಿಳಿದವರು ಅದರ ಲಾಭ ಪಡೆಯುವುದು ವಿರಳ.

ಇನ್ನು ರಾತ್ರಿಯ ಮಾತು. ನಮ್ಮ ಗಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಎರಡು ರಾತ್ರಿಯ ವಸತಿಗೆ ಹೋಯಿತು. ಒಂದು ವಸತಿಗೃಹದಲ್ಲಿ ಕೋಣೆಗಳು ಖಾಲಿಯಿದ್ದರೂ, ‘ಜೊತೆಗೆ ಗಂಡಸರು ಯಾರೂ ಇಲ್ಲವೆ?’ ಎಂದು ಕೇಳಿ, ಇಲ್ಲವೆಂದ ಮೇಲೆ ಜಾಗವಿಲ್ಲವೆಂದರು. ಐದು ಜನರ ಗುರುತಿನ ಚೀಟಿ ಮೇಜಿನ ಮೇಲಿತ್ತು. ಬಸ್ಸಿನಲ್ಲಿ ಶೂನ್ಯ ಟಿಕೀಟು ತಂದುಕೊಟ್ಟ ಅದೇ ಚೀಟಿ ಇಲ್ಲಿ ಕೆಲಸಕ್ಕೆ ಬರಲಿಲ್ಲ. ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಹೆಸರಿನ ಛತ್ರವಿದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಬ್ಬ ವರ್ತಕರು, ಪರಊರಿನಿಂದ ಬಂದವರಿಗೆ ರಾತ್ರಿ ಕಳೆಯಲು ಸೂರು ಬೇಕೆಂಬುದನ್ನು ಅರಿತು ತಮ್ಮ ಸ್ವಂತ ಹಣದಿಂದ ಅದನ್ನು ಕಟ್ಟಿಸಿದರು. ಆಗ ಬೆಂಗಳೂರಿಗೆ ಬರುತ್ತಿದ್ದವರೆಷ್ಟು, ಈಗ ಬರುವವರೆಷ್ಟು! 500 ಕೋಟಿ ಟಿಕೀಟು ಹರಿದ ಸರಕಾರ ಆ ಬಗೆಯ ಒಂದು ಛತ್ರವನ್ನು ಮೆಜೆಸ್ಟಿಕ್ಕಿನ ಆಸುಪಾಸಿನಲ್ಲಿ ಹೆಂಗಸರಿಗಾಗಿ ಕಟ್ಟಿಸಲಾರದೆ? ಹೆದ್ದಾರಿಯಲ್ಲಿ ಬಸ್ಸು ನಿಲ್ಲಿಸುವ ಖಾನಾವಳಿಗಳನ್ನು ಆರಿಸುವಾಗ, ಅಲ್ಲಿಯ ಶೌಚಾಲಯವನ್ನು ಮೊದಲು ನೋಡುವ ನಿಯಮವನ್ನು ಮಾಡಲಾರದೆ? ಶಕ್ತಿಯ ಒಟ್ಟು ಖರ್ಚಿನ ಮುಂದೆ ಇವು ದೊಡ್ಡ ಮೊತ್ತಗಳಲ್ಲ. ಪ್ರಯಾಣವೆಂದರೆ ಹತ್ತುವುದರಿಂದ ಇಳಿಯುವುದರವರೆಗೆ ಮಾತ್ರವೆಂದು ಎಣಿಸಿದ್ದರಿಂದಲೇ ಇವು ಯಾರ ಲಕ್ಷ್ಯಕ್ಕೂ ಬಂದಿಲ್ಲ.

ಊರಿಗೆ ಮರಳಿದ ಮೇಲೆ ಓಣಿಯವರು ಎಂದಿನ ಪ್ರಶ್ನೆಯನ್ನು ಕೇಳಿದರು. ಹೊಲಿಗೆಯವಳು ‘ನೋಡಾಕ ಹೋಗಿದ್ವಿ’ ಎಂದಷ್ಟೇ ಹೇಳಿದಳಂತೆ. ಮುಂದಿನ ಸಲ ತಮ್ಮನ್ನೂ ಕರೆಯಬೇಕೆಂದು ಮೂವರು ಹೆಸರು ಕೊಟ್ಟಿದ್ದಾರೆ. ಈ ಸಲ ಅಜ್ಜಿಯರ ದೊಡ್ಡ ಊರನ್ನೇ ನೋಡಬೇಕೆಂದು ಅವರ ಹಟ. ಶೂನ್ಯ ಟಿಕೀಟು ಗಡಿ ದಾಟಿ ಮುಂಬಯಿಯವರೆಗೆ ಬರುವುದಿಲ್ಲ; ಮಹಾರಾಷ್ಟ್ರದ ಸರಕಾರಿ ಬಸ್ಸುಗಳಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೀಟು ಇದೆಯೆಂದು ಅಂಗನವಾಡಿಯವಳು ಆಗಲೇ ತಿಳಿದುಕೊಂಡು ಬಂದಿದ್ದಾಳೆ. ಸೊಲ್ಲಾಪುರದಿಂದ ಮುಂದಿನ ಲೆಕ್ಕವನ್ನು ನನಗೆ ಒಪ್ಪಿಸಿದ್ದಾರೆ.