ನಾಳೆ ಎಂಬ ಪ್ರಮಾದ

‘ಪ್ರಮಾದ’ ಎಂಬ ಪದ ಇಂದಿನ ಕನ್ನಡದಲ್ಲಿ ಬಹಳ ಸೊರಗಿದೆ. ‘ಪ್ರಮಾದವಾಯಿತು’ ಎಂದರೆ ತಪ್ಪಾಯಿತು ಎಂದಷ್ಟೇ ನಾವು ತಿಳಿಯುತ್ತೇವೆ. ಜೈನ ಸಿದ್ಧಾಂತ ಗ್ರಂಥಗಳಲ್ಲಿ ಅದರ ಅರ್ಥ ಬೇರೆ. ಮಾಡಬೇಕಾದುದು ತಿಳಿದಿದೆ, ಮಾಡುವೆನೆಂಬ ಸಂಕಲ್ಪವೂ ಇದೆ; ಆದರೂ ಆ ಒಳ್ಳೆಯ ಕಾರ್ಯದಲ್ಲಿ ಮನಸ್ಸು ಆದರ ತೋರುವುದಿಲ್ಲ. ಅದು ಪ್ರಮಾದ. ತತ್ತ್ವಾರ್ಥಸೂತ್ರವು ಮಿಥ್ಯಾದರ್ಶನ, ಅವಿರತಿ, ಕಷಾಯ, ಯೋಗಗಳೊಡನೆ ಇದನ್ನೂ ಕರ್ಮಬಂಧದ ಐದು ಕಾರಣಗಳಲ್ಲಿ ಎಣಿಸಿದೆ. ಕೆಲಸವನ್ನು ಮುಂದೂಡುವ ಚಾಳಿಯನ್ನು ಅರಿಯಲು ‘ಸೋಮಾರಿತನ’ಕ್ಕಿಂತ ಈ ಪದವೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಹದಿನಾಲ್ಕು ಗುಣಸ್ಥಾನಗಳಲ್ಲಿ ಆರನೆಯದರ ಹೆಸರು ಪ್ರಮತ್ತವಿರತ. ಅಲ್ಲಿರುವವನು ಮಹಾವ್ರತಗಳನ್ನು ಧರಿಸಿದ ಮುನಿ. ಶ್ರದ್ಧೆ ಇದೆ, ವ್ರತವೂ ಇದೆ, ಆದರೂ ಹೆಸರಿಗೆ ‘ಪ್ರಮತ್ತ’ ಅಂಟಿಕೊಂಡಿದೆ. ಸಂಕಲ್ಪ ಗಟ್ಟಿಯಾದರೆ ಮುಂದೂಡುವಿಕೆ ತಾನಾಗಿ ಬಿಡುತ್ತದೆಂದು ಉಪದೇಶಿಸುವವರು ಈ ಹೆಸರನ್ನು ಗಮನಿಸಬೇಕು.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಯ ಗೊಮ್ಮಟಸಾರ ಪ್ರಮಾದವನ್ನು ಹದಿನೈದು ಬಗೆಯಾಗಿ ವಿಂಗಡಿಸುತ್ತದೆ. ಕೇಶವವರ್ಣಿ 1359ರಲ್ಲಿ ಇದಕ್ಕೆ ಕನ್ನಡ ವೃತ್ತಿಯನ್ನು ರಚಿಸಿದ್ದರಿಂದ ಈ ವಿಚಾರ ನಮ್ಮ ನುಡಿಗೂ ಹೊಸತಲ್ಲ. ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ, ಪ್ರಣಯ: ಇದು ಲೆಕ್ಕ. ನಿದ್ರೆಗೆ ಸಿಕ್ಕಿರುವುದು ಹದಿನೈದರಲ್ಲಿ ಒಂದೇ ಸ್ಥಾನ! ಊಟದ ಮಾತು, ರಾಜರ ಮಾತು, ನಾಡಿನ ಮಾತು ವಿಕಥೆಗಳಲ್ಲಿ ಸೇರಿವೆ. ಮೊಬೈಲ್ ಕೈಯಲ್ಲಿ ಹಿಡಿದವರಿಗೆ ಇದರ ಭಾಷ್ಯ ಬೇಕಾಗಿಲ್ಲ. ವಿದ್ವಾಂಸರನ್ನು ಹೆಚ್ಚು ಕಾಡುವುದು ಕಷಾಯಗಳಲ್ಲಿ ಮಾನ. ಇನ್ನೊಂದು ಪ್ರತಿ ಸಿಗಲಿ, ಇನ್ನೊಂದು ಪಾಠಾಂತರ ನೋಡೋಣ ಎನ್ನುತ್ತ ಸಂಪಾದನೆಯನ್ನು ಮುಂದೂಡುವುದು ಎಷ್ಟೋ ಸಲ ಶಾಸ್ತ್ರನಿಷ್ಠೆಯಲ್ಲ, ಹೆಸರು ಕೆಟ್ಟೀತೆಂಬ ಅಂಜಿಕೆ. ಮುಂದೂಡುವಿಕೆ ಸಮಯಪಾಲನೆಯ ದೋಷಕ್ಕಿಂತ ಹೆಚ್ಚಾಗಿ ಅಹಿತಕರ ಭಾವನೆಯಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ಈಚಿನ ಮನಶ್ಶಾಸ್ತ್ರಜ್ಞರು ಹೇಳುವಾಗ ಅವರು ಈ ದಾರಿಗೇ ಸಮೀಪ ಬಂದಿದ್ದಾರೆ.

ನಿಧಾನವನ್ನು ಇದರೊಡನೆ ಬೆರೆಸಬಾರದು. ಪಂಪ ಆದಿಪುರಾಣವನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದು ತಾನೇ ಹೇಳಿಕೊಂಡಿದ್ದಾನೆ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು ಹೊರಬಂದದ್ದು 1907, 1919, 1929ರಲ್ಲಿ. ಇಬ್ಬರಲ್ಲಿ ಯಾರನ್ನೂ ಪ್ರಮತ್ತರೆನ್ನಲಾಗದು.

ಪರಿಹಾರದ ವಿಷಯದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಏಳನೆಯ ಗುಣಸ್ಥಾನದ ಕಾಲಪ್ರಮಾಣ. ಅಪ್ರಮತ್ತದಲ್ಲಿ ಮುನಿ ನಿಲ್ಲುವುದು ಒಂದು ಅಂತರ್ಮುಹೂರ್ತ, ಅಂದರೆ 48 ನಿಮಿಷಕ್ಕೂ ಕಡಿಮೆ. ಶ್ರೇಣಿಯನ್ನೇರದಿದ್ದರೆ ಮತ್ತೆ ಆರನೆಯದಕ್ಕೆ ಇಳಿಯುತ್ತಾನೆ, ಮತ್ತೆ ಏರುತ್ತಾನೆ. ಹೀಗೆ ಸಾವಿರಾರು ಸಲ. ಇಳಿದ ಮಾತ್ರಕ್ಕೆ ಮುನಿತ್ವ ಹೋಗುವುದಿಲ್ಲ. ಮುನಿಯ ಪರಿಣಾಮಗಳಿಗೆ ಹೇಳಿದ್ದನ್ನು ಗೃಹಸ್ಥನ ಕೆಲಸಕ್ಕೆ ಎಳೆತರುವುದು ಸಲ್ಲದೆಂದು ಶಾಸ್ತ್ರಜ್ಞರು ಆಕ್ಷೇಪಿಸಬಹುದು. ಆದರೂ ದಿನವಿಡೀ ಎಚ್ಚರದ ಏಕಾಗ್ರತೆಯನ್ನು ಮುನಿಯಿಂದಲೇ ನಿರೀಕ್ಷಿಸದ ಪರಂಪರೆಯಲ್ಲಿ ಹುಟ್ಟಿ, ‘ಪೂರ್ತಿ ಬಿಡುವಾದಾಗ ಕೂರುತ್ತೇನೆ’ ಎನ್ನುವುದು ವಿಚಿತ್ರವಲ್ಲವೆ? ಮುಹೂರ್ತಕ್ಕಿಂತ ಕಿರಿದಾದ ಹೊತ್ತಿನಲ್ಲಿ ಒಂದು ಗರಿಯ ಎರಡು ಸಾಲನ್ನಾದರೂ ಓದಬಹುದು. ನಡುವೆ ಬಿಟ್ಟುಹೋದ ದಿನಗಳಿಗೆ ಮರುಗುತ್ತ ಕೂರುವುದೂ ಮುಂದೂಡುವಿಕೆಯ ಇನ್ನೊಂದು ರೂಪ. ಪ್ರತಿಕ್ರಮಣವನ್ನು ಹಗಲಿಗೊಮ್ಮೆ, ಇರುಳಿಗೊಮ್ಮೆ ವಿಧಿಸಿದವರು ಹಳೆಯ ಬಾಕಿಯನ್ನು ಬೆಳೆಯಲು ಬಿಡಲಿಲ್ಲ.

ಹಿಂದೆ ನಮ್ಮ ಊರುಗಳಲ್ಲಿ ದೆವ್ವ ಒಳಬರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಓದಿಕೊಂಡು ಹಿಂತಿರುಗುತ್ತಿತ್ತಂತೆ. ತಾಳೆಗರಿಗೆ ಬೀಳುವ ಹುಳುವಿಗೆ ಓದು ಬರುವುದಿಲ್ಲ. ಬಸದಿಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ಪಟ್ಟಿಯನ್ನೂ ಕಾಣದ ಕಟ್ಟುಗಳು ಇನ್ನೂ ಇವೆ. ಅವುಗಳ ಲಿಪಿಯನ್ನು ತಡವರಿಸದೆ ಓದಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ವಿಸ್ತಾರವಾದ ವಿವರಣಾತ್ಮಕ ಸೂಚಿ ಆಮೇಲೆ ಆಗಲಿ. ಗ್ರಂಥದ ಹೆಸರು, ಗರಿಗಳ ಸಂಖ್ಯೆ, ಮೊದಲ ಸಾಲು, ಕೊನೆಯ ಸಾಲು: ಒಂದು ಕಟ್ಟಿಗೆ ಇಷ್ಟನ್ನು ಬರೆದಿಡಲು ಒಂದು ಅಂತರ್ಮುಹೂರ್ತ ಸಾಕು.