ನ್ಯಾನೋದ್ರವ: ಹೊಗಳಿಕೆಯೂ ಅಳತೆಯೂ

ಒಲೆಯ ಮುಂದೆ ದಿನವಿಡೀ ನಿಲ್ಲುವವರಿಗೆ ಶಾಖದ ಸ್ವಭಾವವನ್ನು ಹೊಸದಾಗಿ ಬೋಧಿಸಬೇಕಾಗಿಲ್ಲ. ಕುದಿಯುವ ಸಾರಿನಲ್ಲಿ ಬಿಟ್ಟ ಹಿತ್ತಾಳೆಯ ಸೌಟು ಹಿಡಿಯವರೆಗೂ ಕಾಯುತ್ತದೆ. ಮರದ ಹಿಡಿ ಕೈಯನ್ನು ಸುಡುವುದಿಲ್ಲ. ಈ ಗುಣದಲ್ಲಿ ನೀರು ಲೋಹಕ್ಕಿಂತ ಮರಕ್ಕೇ ಹತ್ತಿರದ ನಂಟು. ತಾಮ್ರದ ಉಷ್ಣವಾಹಕತೆ ನೀರಿನದಕ್ಕಿಂತ 600 ಪಟ್ಟಿಗೂ ಹೆಚ್ಚು. ಆದರೂ ಮೋಟಾರಿನ ಎಂಜಿನನ್ನಾಗಲಿ, ಕಾರ್ಖಾನೆಯ ಯಂತ್ರವನ್ನಾಗಲಿ ತಣಿಸಲು ನಾವು ಸಾಮಾನ್ಯವಾಗಿ ನೀರು, ಎಣ್ಣೆ, ಗ್ಲೈಕಾಲ್‌ಗಳನ್ನೇ ಆಶ್ರಯಿಸಬೇಕಾಗಿದೆ.

ಹಾಗಾದರೆ ಲೋಹದ ಪುಡಿಯನ್ನೇ ನೀರಿಗೆ ಬೆರೆಸಿದರೇನು? ಯೋಚನೆ ಹಳೆಯದು. ಒಂದು ಮಾಧ್ಯಮದಲ್ಲಿ ಚದುರಿದ ಕಣಗಳು ಅದರ ವಾಹಕತೆಯನ್ನು ಎಷ್ಟು ಬದಲಿಸಬಲ್ಲವೆಂಬ ಲೆಕ್ಕವನ್ನು ಮ್ಯಾಕ್ಸ್‌ವೆಲ್ ಮಹಾಶಯನು 1873ರಲ್ಲಿಯೇ ವಿದ್ಯುತ್ತಿನ ವಿಷಯದಲ್ಲಿ ಕೊಟ್ಟಿದ್ದನು. ಉಷ್ಣಕ್ಕೂ ಅದೇ ಲೆಕ್ಕ ಸಲ್ಲುತ್ತದೆ. ಆದರೆ ಪುಡಿಯು ತಳಕ್ಕಿಳಿಯುತ್ತದೆ, ಕೊಳವೆಯನ್ನು ಕಟ್ಟುತ್ತದೆ, ಪಂಪನ್ನು ಸವೆಸುತ್ತದೆ. 1995ರಲ್ಲಿ ಅಮೆರಿಕದ ಷಿಕಾಗೋ ಸಮೀಪದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್ ಅವರು, ಕಣಗಳು ಮೀಟರಿನ ನೂರು ಕೋಟಿಯಲ್ಲೊಂದು ಭಾಗದಿಂದ ಎಣಿಸುವಷ್ಟು ಸೂಕ್ಷ್ಮವಾದರೆ ಈ ತೊಡಕುಗಳು ಬಹುಮಟ್ಟಿಗೆ ತಪ್ಪುವುವೆಂದು ಸೂಚಿಸಿ, ಅಂಥ ಮಿಶ್ರಣಕ್ಕೆ ನ್ಯಾನೋದ್ರವವೆಂದು ಹೆಸರಿಟ್ಟರು.

ಮುಂದೆ ಬಂದ ಸುದ್ದಿ ಲೋಕವನ್ನೇ ಬೆರಗುಗೊಳಿಸಿತು. 2001ರಲ್ಲಿ ಅದೇ ಪ್ರಯೋಗಾಲಯದವರು, ಎಥಿಲೀನ್ ಗ್ಲೈಕಾಲಿಗೆ ಗಾತ್ರದಲ್ಲಿ ನೂರಕ್ಕೆ ಸುಮಾರು 0.3 ಭಾಗದಷ್ಟು ತಾಮ್ರದ ಕಣಗಳನ್ನು ಸೇರಿಸಿದ್ದರಿಂದ ಅದರ ವಾಹಕತೆ ನೂರಕ್ಕೆ 40ರಷ್ಟು ಏರಿತೆಂದು ಪ್ರಕಟಿಸಿದರು. ಮ್ಯಾಕ್ಸ್‌ವೆಲ್ಲನ ಲೆಕ್ಕದಂತೆ ನೂರಕ್ಕೆ ಒಂದರಷ್ಟೂ ಏರಬಾರದಾಗಿತ್ತು! ನಮ್ಮ ದೇಶದಲ್ಲಿಯೂ ಮದರಾಸಿನ ಐ.ಐ.ಟಿ.ಯಲ್ಲಿ ಸರಿತ್ ಕುಮಾರ್ ದಾಸ್ ಮತ್ತು ಸಂಗಡಿಗರು ಈ ಕ್ಷೇತ್ರದಲ್ಲಿ ಮೊದಲಿಗರ ಸಾಲಿನಲ್ಲಿ ನಿಂತರು. ಕೆಲವೇ ವರ್ಷಗಳಲ್ಲಿ ಪ್ರಬಂಧಗಳು ಸಾವಿರ ಸಾವಿರವಾಗಿ ಹೊರಬಂದವು. ಒಂದು ಕಡೆ ಏರಿಕೆ ನೂರಕ್ಕೆ ಹತ್ತು, ಇನ್ನೊಂದು ಕಡೆ ಮೂವತ್ತು, ಮತ್ತೊಂದೆಡೆ ಏನೂ ಇಲ್ಲ. ಒಂದೇ ಅಂಗಡಿಯ ಅಕ್ಕಿ ಮನೆಮನೆಯ ತಕ್ಕಡಿಯಲ್ಲಿ ಬೇರೆಬೇರೆ ತೂಗಿದರೆ ಯಾವ ಮಾಣಿಗೂ ಅನುಮಾನ ಬರುತ್ತದಷ್ಟೆ.

ಈ ಅನುಮಾನವನ್ನು ಪರಿಹರಿಸಲು ನಡೆದ ಕಾರ್ಯವನ್ನೇ ನಾವು ಇಲ್ಲಿ ಮುಖ್ಯವಾಗಿ ಓದುಗರ ಗಮನಕ್ಕೆ ತರಬಯಸುತ್ತೇವೆ. ಎಂ.ಐ.ಟಿ.ಯ ಜಾಕೊಪೊ ಬುವೊಂಜೋರ್ನೊ ಅವರ ಮುಂದಾಳುತನದಲ್ಲಿ ಒಂದೇ ಮೂಲದ ಮಾದರಿ ದ್ರವಗಳನ್ನು ಲೋಕದ 30ಕ್ಕೂ ಹೆಚ್ಚು ಸಂಸ್ಥೆಗಳಿಗೆ ಹಂಚಲಾಯಿತು. ತಮ್ಮ ತಮ್ಮ ವಿಧಾನದಿಂದ ಎಲ್ಲರೂ ಅಳೆದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಸರಳವಾಗಿತ್ತು: ಪರೀಕ್ಷಿಸಿದ ದ್ರವಗಳಲ್ಲಿ ಪವಾಡವೇನೂ ಇಲ್ಲ; ಕಣಗಳು ಚೆನ್ನಾಗಿ ಚದುರಿದ್ದಲ್ಲಿ ಏರಿಕೆಯು ಮ್ಯಾಕ್ಸ್‌ವೆಲ್ಲನ ಹಳೆಯ ಲೆಕ್ಕಕ್ಕೂ ಅದರ ವಿಸ್ತರಣೆಗೂ ಹೊಂದುತ್ತದೆ. ಒಂದೂಕಾಲು ಶತಮಾನಕ್ಕೂ ಹಿಂದೆ ಕಾಗದದ ಮೇಲೆ ಮಾಡಿದ ಲೆಕ್ಕ ಗೆದ್ದಿತು.

ಇನ್ನೊಂದು ಸೂಕ್ಷ್ಮವಿದೆ. ಕಣ ಬೆರೆತ ದ್ರವ ಮಂದವಾಗುತ್ತದೆ. ಅದನ್ನು ತಳ್ಳಲು ಪಂಪಿಗೆ ಹೆಚ್ಚು ಶಕ್ತಿ ಬೇಕು. ಅನೇಕ ಪ್ರಬಂಧಗಳು ನೀರನ್ನೂ ನ್ಯಾನೋದ್ರವವನ್ನೂ ಒಂದೇ ರೆನಾಲ್ಡ್ಸ್ ಸಂಖ್ಯೆಯಲ್ಲಿ ಹೋಲಿಸುತ್ತವೆ. ಮಂದ ದ್ರವ ಆ ಸಂಖ್ಯೆಯನ್ನು ಮುಟ್ಟಬೇಕಾದರೆ ಹೆಚ್ಚು ವೇಗದಿಂದ ಹರಿಯಲೇಬೇಕು. ವೇಗ ಹೆಚ್ಚಿದರೆ ಶಾಖವನ್ನು ಹೆಚ್ಚು ಒಯ್ಯುವುದರಲ್ಲಿ ಅಚ್ಚರಿಯೇನು? ಇಬ್ಬರು ಭಟ್ಟರಲ್ಲಿ ಒಬ್ಬರಿಗೆ ದೊಡ್ಡ ಉರಿಯನ್ನೂ ಇನ್ನೊಬ್ಬರಿಗೆ ಸಣ್ಣ ಉರಿಯನ್ನೂ ಕೊಟ್ಟು, ಯಾರ ಕೈ ಚುರುಕೆಂದು ತೀರ್ಪು ಹೇಳಿದಂತೆ ಇದು. ಪ್ಯಾಕ್ ಮತ್ತು ಚೋ ಎಂಬ ಸಂಶೋಧಕರು 1998ರಷ್ಟು ಹಿಂದೆಯೇ ಇದನ್ನು ಎತ್ತಿ ತೋರಿಸಿದ್ದರು: ನೂರಕ್ಕೆ 3 ಭಾಗ ಕಣಗಳಿದ್ದ ದ್ರವವು, ಸಮಾನ ವೇಗದಲ್ಲಿ ಹರಿದಾಗ, ಬರಿಯ ನೀರಿಗಿಂತ ನೂರಕ್ಕೆ 12ರಷ್ಟು ಹಿಂದೆ ಬಿದ್ದಿತು. ಆ ಮಾತನ್ನು ಕೇಳುವವರು ಆಗ ಹೆಚ್ಚು ಮಂದಿ ಇರಲಿಲ್ಲ.

ಹೀಗೆಂದು ಇಡೀ ಪ್ರಯತ್ನವೇ ವ್ಯರ್ಥವೆನ್ನುವುದು ಅನ್ಯಾಯವಾದೀತು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣುಶಕ್ತಿ ಸಂಶೋಧನಾ ಕೇಂದ್ರದವರು 2007ರಲ್ಲಿ, ಕಬ್ಬಿಣದ ಆಕ್ಸೈಡಿನ ಕಣಗಳುಳ್ಳ ದ್ರವಕ್ಕೆ ಅಯಸ್ಕಾಂತವನ್ನು ಒಡ್ಡಿದಾಗ ಕಣಗಳು ಸರಪಳಿಯಂತೆ ಸಾಲುಗೂಡಿ, ಆ ಸಾಲಿನ ಗುಂಟ ಉಷ್ಣವು ಬಹಳ ಸುಲಭವಾಗಿ ಸಾಗುವುದನ್ನು ತೋರಿಸಿದರು. ಕುದಿತದ ಸಂಗತಿಯಂತೂ ಇನ್ನೂ ಸ್ವಾರಸ್ಯಕರ. ಬಾಯ್ಲರಿನೊಳಗೆ ಸುಣ್ಣದ ಪದರ ಕಟ್ಟಿದರೆ ಸೌದೆ ದಂಡವೆಂಬುದು ಹೋಟೆಲಿನವರಿಗೆಲ್ಲ ಗೊತ್ತು. ನ್ಯಾನೋದ್ರವ ಕುದಿದಾಗಲೂ ಕಣಗಳು ಬಿಸಿ ಮೈಗೆ ಪದರವಾಗಿ ಅಂಟುತ್ತವೆ; ದಾಸ್ ಅವರೇ 2003ರಲ್ಲಿ, ಇದರಿಂದ ಕುದಿತದ ಶಾಖಸಾಗಣೆ ಕುಗ್ಗಿತೆಂದು ಮುಚ್ಚುಮರೆಯಿಲ್ಲದೆ ಬರೆದರು. ಆದರೆ ಅದೇ ಪದರವು ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಂಡು, ತಟ್ಟೆಯು ಒಣಗಿ ಸುಟ್ಟುಹೋಗುವ ಮಿತಿಯನ್ನು ಬಹಳ ಮೇಲಕ್ಕೆ ತಳ್ಳುತ್ತದೆಂದು ಬೇರೆಯವರು ಕಂಡುಕೊಂಡರು. ಹುಡುಕಿದ್ದೊಂದು, ದೊರೆತದ್ದು ಮತ್ತೊಂದು. ಕೆಡುಕಿನ ಫಲಿತಾಂಶವನ್ನು ಯಾರೂ ಅಚ್ಚು ಹಾಕದಿದ್ದರೆ ಇದು ದೊರೆಯುತ್ತಿರಲಿಲ್ಲ.

ಇದು ನಮಗೇಕೆಂದು ಕೆಲವರು ಕೇಳಬಹುದು. ಮುಂಬಯಿಯಲ್ಲಿ ಹಗಲು ತಟ್ಟೆ ಲೋಟ ಎತ್ತಿ, ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ತಲೆಮಾರಿನ ಮಕ್ಕಳು ಮೊಮ್ಮಕ್ಕಳು ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿದ್ದಾರೆ. ಸಂಶೋಧನೆಗೆ ಇಳಿದವರೂ ಉಂಟು. ಅಂಥ ಹುಡುಗನೊಬ್ಬ ನಾಲ್ಕು ವರ್ಷ ಪ್ರಾಮಾಣಿಕವಾಗಿ ಅಳೆದು, ಕೊನೆಗೆ "ಲಾಭವಿಲ್ಲ" ಎಂದು ಬರೆದನೆನ್ನಿ. ಅವನ ಪ್ರಬಂಧವನ್ನು ಪ್ರಕಟಿಸಲು ಪತ್ರಿಕೆಗಳು ಹಿಂದೆಗೆಯುತ್ತವೆ. ನೂರಕ್ಕೆ ಮೂವತ್ತು ಎಂದು ಬರೆದ ಪಕ್ಕದ ಮೇಜಿನವನು ಪದವಿ ಪಡೆದು ಹೊರಡುತ್ತಾನೆ. ಊರಿನಿಂದ "ಇನ್ನೂ ಮುಗಿಯಲಿಲ್ಲವೇನೋ ಮಗ?" ಎಂದು ಕೇಳುವ ತಂದೆಗೆ ಇವನು ಏನೆಂದು ಉತ್ತರ ಕೊಡಬೇಕು?

ಪಿಎಚ್.ಡಿ.ಗೆ ಮುನ್ನ ಪ್ರಬಂಧ ಪ್ರಕಟವಾಗಿರಲೇಬೇಕೆಂಬ ಕಟ್ಟನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ನಿಯಮಗಳಲ್ಲಿ ಕೈಬಿಟ್ಟದ್ದು ಸ್ವಾಗತಾರ್ಹವೇ. ಆದರೆ ತಮ್ಮದೇ ನಿಯಮದಿಂದ ಅದನ್ನು ಕೇಳುವ ಸಂಸ್ಥೆಗಳು ಇನ್ನೂ ಇವೆ. ಅಲ್ಲಿನ ಪರೀಕ್ಷಕ ಮಂಡಲಿಗಳಿಗೆ ನಮ್ಮ ಕೋರಿಕೆ ಎರಡೇ. ನ್ಯಾನೋದ್ರವದ ಪ್ರತಿಯೊಂದು ಮಹಾಪ್ರಬಂಧದಲ್ಲೂ ಸಮಾನ ಪಂಪುಶಕ್ತಿಯ ಹೋಲಿಕೆಯ ಕೋಷ್ಟಕವಿರಲಿ. ಆ ಕೋಷ್ಟಕದಲ್ಲಿ ನೀರೇ ಗೆದ್ದಿದ್ದರೂ, ಅಳತೆ ಸರಿಯಾಗಿದ್ದಲ್ಲಿ, ಅಭ್ಯರ್ಥಿಗೆ ಪದವಿಯನ್ನು ಕೊಡಲಿ.